ಬದಲಿ ಇಲ್ಲ ಎಂಬ ಷರಾ

ಹೆಗ್ಗಡದೇವನಕೋಟೆಯಿಂದ ಮೈಸೂರಿಗೆ ಬರುವ ಬಸ್ಸಿನಲ್ಲಿ ಈಚೆಗೆ ನನ್ನ ಪಕ್ಕದಲ್ಲಿ ಕುಳಿತಿದ್ದ ಮಹಿಳೆಯೊಬ್ಬರು ಹಂಪಾಪುರ ದಾಟುವವರೆಗೂ ಏನೋ ನೆನಪು ಮಾಡಿಕೊಳ್ಳುತ್ತಿರುವವರಂತೆ ಸುಮ್ಮನಿದ್ದರು. ಆಮೇಲೆ, ‘ಸಾರ್, ನೀವು ಜಿಲ್ಲಾ ಪಂಚಾಯಿತೀಲಿ ಇದ್ದೋರಲ್ವಾ?’ ಎಂದು ಕೇಳಿದರು. ಹೌದೆಂದೆ. ತಮ್ಮ ಹೆಸರು ಹೇಳಿದರು. ನನಗೆ ನೆನಪಾಗಲಿಲ್ಲ. ‘ನಿಮಗೆ ಹೇಗೆ ನೆನಪಿರುತ್ತೆ ಬಿಡಿ ಸಾರ್. ನನ್ನ ಅರ್ಜಿ ವಾಪಸ್ ಕಳಿಸಿದ್ರಿ, ಅಷ್ಟೇ’ ಎಂದರು. ಮಾತಿನಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ಈ ಲೇಖನ ಬರೆಯುವ ಪ್ರಮೇಯ ಬರುತ್ತಿರಲಿಲ್ಲವೋ ಏನೋ.

ಅವರು ಹೇಳುತ್ತಾ ಹೋದಂತೆ ಕಡತ ಕಣ್ಣ ಮುಂದೆ ಬಂತು. 2007ನೆಯ ಇಸವಿ. ತಾಲ್ಲೂಕು ಆಸ್ಪತ್ರೆಯೊಂದರಲ್ಲಿ 11 ವರ್ಷ ಸೇವೆ ಸಲ್ಲಿಸಿದ್ದ ಸ್ಟಾಫ್ ನರ್ಸ್ ಒಬ್ಬರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ವ್ಯಾಸಂಗಕ್ಕೆ ನಿಯೋಜನೆ ಕೋರಿದ್ದರು. ಯಾವ ತಾಲ್ಲೂಕು ಎಂಬುದು ಇಲ್ಲಿ ಮುಖ್ಯವಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆ, ಈ ನಾಲ್ಕರಲ್ಲಿ ಯಾವುದೇ ಆಗಿದ್ದರೂ ನನ್ನ ಷರಾ ಒಂದೇ ಆಗಿರುತ್ತಿತ್ತು: ‘ಬದಲಿ ಸಿಬ್ಬಂದಿ ಲಭ್ಯವಿಲ್ಲದಿರುವುದರಿಂದ, ಸಾರ್ವಜನಿಕ ಸೇವೆಯ ಹಿತದೃಷ್ಟಿಯಿಂದ, ಅರ್ಜಿಯನ್ನು ಶಿಫಾರಸು ಮಾಡಲು ಅವಕಾಶವಿರುವುದಿಲ್ಲ.’ ಇಂಥ ವಾಕ್ಯಗಳನ್ನು ಬರೆಯಲು ಸರ್ಕಾರಿ ನೌಕರನಿಗೆ ಆಲೋಚನೆ ಬೇಕಾಗುವುದಿಲ್ಲ. ಲೇಖನಿಗೆ ತಾನಾಗಿಯೇ ಬರುತ್ತವೆ. ಅದೇ ವರ್ಷಗಳಲ್ಲಿ ನನ್ನನ್ನು ಹಲವು ಬಾರಿ ಮೈಸೂರಿನ ಲಲಿತಮಹಲ್ ರಸ್ತೆಯ ಆಡಳಿತ ತರಬೇತಿ ಸಂಸ್ಥೆಗೆ ತರಬೇತಿಗೆ ಕಳುಹಿಸಲಾಗಿತ್ತು. ಸಂಬಳ ನಿಲ್ಲಲಿಲ್ಲ, ಊಟ ವಸತಿ ಸರ್ಕಾರದ್ದು. ನನ್ನ ಮೇಜಿಗೆ ಬದಲಿ ಯಾರು ಎಂದು ಒಬ್ಬರೂ ಕೇಳಿದ್ದು ನೆನಪಿಲ್ಲ.

ಈ ಪದವಿಯ ವಿಚಾರ ಹೊರಗಿನವರಿಗೆ ಅಷ್ಟಾಗಿ ತಿಳಿದಿರುವುದಿಲ್ಲ. ನಮ್ಮ ಸರ್ಕಾರಿ ಆಸ್ಪತ್ರೆಗಳ ದಾದಿಯರಲ್ಲಿ ದೊಡ್ಡ ಭಾಗ ಜಿ.ಎನ್.ಎಂ. ಎಂಬ ಡಿಪ್ಲೊಮಾ ಮುಗಿಸಿ, ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು ಕೆಲಸಕ್ಕೆ ಸೇರಿದವರು. ಹೀಗೆ ಸೇರಿದವರು ಮುಂದೆ ಪದವೀಧರರಾಗಲು ಇರುವ ದಾರಿ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಕಾಲೇಜಿನಲ್ಲಿ ಪೂರ್ಣಾವಧಿ ಓದಿದರೆ ಎರಡು ವರ್ಷ. ಕೆಲಸ ಬಿಡಲಾಗದವರಿಗೆಂದು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು 1994ರಲ್ಲಿ ದೂರಶಿಕ್ಷಣದ ಮೂಲಕ ಇದೇ ಪದವಿಯನ್ನು ಆರಂಭಿಸಿತು. ಅದಕ್ಕೆ ಕನಿಷ್ಠ ಮೂರು ವರ್ಷ. ಸೂಕ್ಷ್ಮಜೀವಿಶಾಸ್ತ್ರ, ಪೌಷ್ಟಿಕಾಂಶ, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಸಮುದಾಯ ಆರೋಗ್ಯ, ಮಾನಸಿಕ ಆರೋಗ್ಯ, ವಾರ್ಡಿನ ಆಡಳಿತ, ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರದ ಪರಿಚಯ, ಇವು ಪಠ್ಯದ ಮುಖ್ಯ ಭಾಗಗಳು. ಸೂಜಿ ಚುಚ್ಚುವುದನ್ನು ಮತ್ತೊಮ್ಮೆ ಕಲಿಸುವ ಓದು ಇದಲ್ಲ.

ಪದವಿಯ ಆಲೋಚನೆಯೂ ಹೊಸದೇನಲ್ಲ. 1946ರಲ್ಲಿ ವರದಿ ನೀಡಿದ ಭೋರ್ ಸಮಿತಿ ವಿಶ್ವವಿದ್ಯಾಲಯ ಮಟ್ಟದ ಶುಶ್ರೂಷಾ ಶಿಕ್ಷಣದ ಮಾತನ್ನಾಡಿತ್ತು, ಅದೇ ವರ್ಷ ದೆಹಲಿ ಮತ್ತು ವೆಲ್ಲೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಶುರುವಾಯಿತು. ಸರೋಜಿನಿ ವರದಪ್ಪನ್ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 1989ರಲ್ಲಿ ಇದನ್ನೇ ಮತ್ತೆ ಹೇಳಿತು. ಡಿಪ್ಲೊಮಾವನ್ನು 2020ರ ಸುಮಾರಿಗೆ ನಿಲ್ಲಿಸಿ ಪದವಿಯೊಂದನ್ನೇ ಉಳಿಸುವ ವಿಚಾರ ಭಾರತೀಯ ಶುಶ್ರೂಷಾ ಪರಿಷತ್ತಿನಲ್ಲಿ ನಡೆದು, ಆಮೇಲೆ ಮುಂದಕ್ಕೆ ಹೋಯಿತು. 1947ರ ಪರಿಷತ್ ಕಾಯ್ದೆಯ ಸ್ಥಾನದಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದು 2023ರಲ್ಲಿ. ಎಪ್ಪತ್ತೈದು ವರ್ಷಗಳಿಂದ ಎಲ್ಲರೂ ಹೊಸದಾಗಿ ಬರುವವರು ಹೇಗಿರಬೇಕೆಂದು ಚರ್ಚಿಸಿದ್ದಾರೆ. ಈಗಾಗಲೇ ವಾರ್ಡಿನಲ್ಲಿ ನಿಂತಿರುವವರು ಪದವಿಯನ್ನು ಯಾವ ಸಮಯದಲ್ಲಿ, ಯಾರ ಖರ್ಚಿನಲ್ಲಿ ಪಡೆಯಬೇಕು ಎಂಬ ಪ್ರಶ್ನೆ ಬಂದಾಗ ಮಾತ್ರ ಕಡತ ನನ್ನಂಥವರ ಮೇಜಿಗೆ ಬಂದು ನಿಲ್ಲುತ್ತದೆ.

ಬಸ್ಸಿನಲ್ಲಿ ಸಿಕ್ಕ ಆ ಸಹೋದರಿ ನನ್ನ ಷರಾದ ನಂತರ ಸುಮ್ಮನಾಗಲಿಲ್ಲ. ಎರಡು ವರ್ಷ ಬಿಟ್ಟು ದೂರಶಿಕ್ಷಣಕ್ಕೆ ಸೇರಿದರು. ರಾತ್ರಿ ಪಾಳಿ ಮುಗಿಸಿ ಬೆಳಗಿನ ಬಸ್ಸು ಹಿಡಿದು ಪರ ಊರಿನ ಅಧ್ಯಯನ ಕೇಂದ್ರಕ್ಕೆ ಹೋಗುತ್ತಿದ್ದರು. ಇದ್ದ ಗಳಿಕೆ ರಜೆಯೆಲ್ಲ ಪ್ರಾಯೋಗಿಕ ತರಗತಿಗಳಿಗೆ ಕರಗಿತು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಅವರಿಗೆ ಇಂಗ್ಲಿಷಿನ ಜೀವರಸಾಯನಶಾಸ್ತ್ರ ಕಬ್ಬಿಣದ ಕಡಲೆಯಾಯಿತು. ಒಮ್ಮೆ ನಪಾಸಾದರು. ಮಗನ ಎಸ್.ಎಸ್.ಎಲ್.ಸಿ. ಪರೀಕ್ಷೆಯೂ ತಾಯಿಯ ಪರೀಕ್ಷೆಯೂ ಒಂದೇ ವರ್ಷ ಬಂದವು. ಮೂರು ವರ್ಷದ ಓದು ನಾಲ್ಕು ವರ್ಷಕ್ಕೆ ಮುಗಿಯಿತು. ಸಂಬಳದಲ್ಲಿ ಏನು ವ್ಯತ್ಯಾಸವಾಯಿತು ಎಂದು ಕೇಳಿದೆ. ‘ಏನೂ ಇಲ್ಲ ಸಾರ್’ ಎಂದು ನಕ್ಕರು.

ನಿಜ. ಸ್ಟಾಫ್ ನರ್ಸ್ ಎಂಬ ಹುದ್ದೆಗೆ ಸರ್ಕಾರ ಈಗ ಶುಶ್ರೂಷಾಧಿಕಾರಿ ಎಂಬ ಗೌರವದ ಹೆಸರು ಕೊಟ್ಟಿದೆ (ರೋಗಿಗಳ ಬಾಯಲ್ಲಿ ಇಂದಿಗೂ ‘ಸಿಸ್ಟರ್’ ತಾನೇ). ಆದರೆ ಆ ಹುದ್ದೆಯಲ್ಲಿ ಡಿಪ್ಲೊಮಾದವರಿಗೂ ಪದವಿಯವರಿಗೂ ವೇತನಶ್ರೇಣಿ ಒಂದೇ. ಹಾಗಿದ್ದ ಮೇಲೆ ಓದಿದ್ದರಿಂದ ಏನು ಪ್ರಯೋಜನವಾಯಿತು ಎಂದು ಕೇಳಿದೆ. ಅದಕ್ಕೆ ಅವರು ಕೊಟ್ಟ ಉತ್ತರವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಅವರು ಕೆಲವು ಕಾಲ ತಂಬಾಕು ಬೆಳೆಯುವ ಸೀಮೆಯಲ್ಲಿ ಕೆಲಸ ಮಾಡಿದ್ದರು. ಹುಣಸೂರು, ಪಿರಿಯಾಪಟ್ಟಣಗಳನ್ನು ಬಲ್ಲವರಿಗೆ ಗೊತ್ತು: ಮುಂಗಾರಿನಲ್ಲಿ ನಾಟಿಯಾದ ಹೊಗೆಸೊಪ್ಪು ಜುಲೈ ಹೊತ್ತಿಗೆ ಮುರಿಯಲು ಬರುತ್ತದೆ, ಬ್ಯಾರನ್‌ಗಳಲ್ಲಿ ಹಗಲಿರುಳು ಬೆಂಕಿ ಉರಿಯುತ್ತದೆ, ಊರಿನ ಹೆಣ್ಣುಮಕ್ಕಳೆಲ್ಲ ಸೊಪ್ಪಿನ ಕೆಲಸದಲ್ಲಿರುತ್ತಾರೆ. ಆ ತಿಂಗಳುಗಳಲ್ಲಿ ಸಂಜೆಯ ಮೇಲೆ ತಲೆಸುತ್ತು, ವಾಂತಿ, ನಿಶ್ಶಕ್ತಿ ಎಂದು ಹೆಂಗಸರು ಬರುತ್ತಿದ್ದರು. ಡ್ರಿಪ್ ಹಾಕಿ, ರಾತ್ರಿ ಉಳಿಸಿಕೊಂಡು, ಬೆಳಿಗ್ಗೆ ಕಳುಹಿಸುತ್ತಿದ್ದರು. ಏನೋ ತಿಂದದ್ದು ಆಗಿಬರಲಿಲ್ಲ, ಬಿಸಿಲು ಬಡಿಯಿತು ಎಂಬುದೇ ಎಲ್ಲರ ತಿಳಿವಳಿಕೆ. ಪದವಿಯ ಸಮುದಾಯ ಆರೋಗ್ಯ ವಿಷಯದಲ್ಲಿ, ಕೆಲಸಕ್ಕೂ ಕಾಯಿಲೆಗೂ ಇರುವ ಸಂಬಂಧ ಹುಡುಕಿ ಬರೆಯುವ ಅಭ್ಯಾಸವೊಂದು ಇವರಿಗೆ ಬಂತು. ಹಾಗೆ ಬಂದವರನ್ನೆಲ್ಲ ‘ಇವತ್ತು ಏನು ಕೆಲಸ ಮಾಡಿದಿರಿ?’ ಎಂದು ಕೇಳಿ ಒಂದು ನೋಟುಪುಸ್ತಕದಲ್ಲಿ ಬರೆದಿಡತೊಡಗಿದರು. ಇಬ್ಬನಿ ಅಥವಾ ಮಳೆಯಲ್ಲಿ ನೆನೆದ ಹಸಿ ಸೊಪ್ಪನ್ನು ಬರಿಗೈಯಲ್ಲಿ ಮುರಿದು, ಕಂಕುಳಲ್ಲಿ ಅವುಚಿಕೊಂಡು ಹೊತ್ತವರೇ ಹೆಚ್ಚಾಗಿ ಕಂಡರು. ಹಸಿ ತಂಬಾಕಿನ ನಿಕೋಟಿನ್ ಒದ್ದೆ ಚರ್ಮದ ಮೂಲಕ ದೇಹ ಸೇರಿ ಹೀಗೆ ಮಾಡುತ್ತದೆ ಎಂಬುದು ವೈದ್ಯಶಾಸ್ತ್ರಕ್ಕೆ ಗೊತ್ತಿರುವ ಸಂಗತಿಯೇ, ಅದಕ್ಕೊಂದು ಹೆಸರೂ ಉಂಟು. ಅವರು ಅದನ್ನು ಆಶಾ ಕಾರ್ಯಕರ್ತೆಯರಿಗೆ ಹೇಳಿದರು. ತುಂಬು ತೋಳಿನ ಅಂಗಿ ಹಾಕಿಕೊಳ್ಳಿ, ನೆನೆದ ಬಟ್ಟೆ ಕೂಡಲೇ ಬದಲಿಸಿ, ಕೈ ತೋಳು ಸೋಪು ಹಾಕಿ ತೊಳೆಯಿರಿ, ಬಸುರಿಯರನ್ನು ಹಸಿ ಸೊಪ್ಪಿನ ಕೆಲಸದಿಂದ ದೂರವಿಡಿ ಎಂಬಷ್ಟೇ ಮಾತು. ಇದಕ್ಕೆ ಯಂತ್ರ ಬೇಡ, ಅನುದಾನ ಬೇಡ. ‘ಮೊದಲೂ ಅದೇ ಹೆಂಗಸರನ್ನೇ ನೋಡ್ತಿದ್ದೆ ಸಾರ್. ಕೇಳಬೇಕು ಅಂತ ಹೊಳೀತಿರಲಿಲ್ಲ’ ಎಂದರು.

ಕೋಟೆಯ ಕಡೆಯ ಹಾಡಿಗಳಲ್ಲಿ ಇದೇ ಮಾತು ಬೇರೆ ರೂಪದಲ್ಲಿ ಅನ್ವಯಿಸುತ್ತದೆ. ಜೇನುಕುರುಬ, ಯರವ ಸಮುದಾಯಗಳಲ್ಲಿ ಕುಡಗೋಲು ಕಣ ರಕ್ತಹೀನತೆಯ ಸಮಸ್ಯೆ ಇದೆ. ಅದರ ನಿರ್ಮೂಲನೆಗೆ ರಾಷ್ಟ್ರೀಯ ಅಭಿಯಾನ ಆರಂಭವಾಗಿದ್ದು 2023ರಲ್ಲಿ. ತಪಾಸಣೆಯ ಕಿಟ್ ಹಾಡಿಯವರೆಗೆ ತಲುಪಬಹುದು. ಆದರೆ ಫಲಿತಾಂಶ ಕೈಗೆ ಬಂದ ಮೇಲೆ ಆ ಕುಟುಂಬದ ಜತೆ ಕುಳಿತು ಮದುವೆ, ಮಗು, ವಲಸೆ ಕೂಲಿಯ ಸಂಗತಿಗಳನ್ನೆಲ್ಲ ಮಾತನಾಡಬೇಕಾದವರು ದಾದಿಯೇ. ಕೆಂಚನಹಳ್ಳಿ, ಸರಗೂರುಗಳಲ್ಲಿ 1984ರಿಂದೀಚೆಗೆ ಬೆಳೆದ ಸ್ವಾಮಿ ವಿವೇಕಾನಂದ ಯುವ ಚಳವಳಿಯ ಆರೋಗ್ಯ ಸೇವೆಯನ್ನು ಕಂಡವರಿಗೆ, ವೈದ್ಯರು ಎಷ್ಟೇ ಸಮರ್ಥರಿದ್ದರೂ ಹಾಡಿಯ ಬಾಗಿಲಲ್ಲಿ ಕೆಲಸ ಮಾಡುವವರು ಯಾರು ಎಂಬುದನ್ನು ಹೇಳಿಕೊಡಬೇಕಿಲ್ಲ. ಈಗ ಸರಗೂರು, ಸಾಲಿಗ್ರಾಮಗಳು ಪ್ರತ್ಯೇಕ ತಾಲ್ಲೂಕುಗಳಾಗಿವೆ. ತಾಲ್ಲೂಕಿನ ಫಲಕ ಬೇಗ ಬರುತ್ತದೆ, ಸಿಬ್ಬಂದಿ ನಿಧಾನವಾಗಿ ಬರುತ್ತಾರೆ.

ಒಬ್ಬರ ಅನುಭವದಿಂದ ನೀತಿ ರೂಪಿಸಬಾರದು ಎನ್ನುವವರಿಗೆ ಅಂಕಿಸಂಖ್ಯೆಗಳೂ ಇವೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲಿಂಡಾ ಐಕೆನ್ ಮತ್ತು ಸಂಗಡಿಗರು ಆ ರಾಜ್ಯದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರ ದಾಖಲೆಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪದವೀಧರ ದಾದಿಯರ ಪ್ರಮಾಣ ಶೇ 10ರಷ್ಟು ಹೆಚ್ಚಿದ್ದಲ್ಲಿ 30 ದಿನಗಳೊಳಗಿನ ಸಾವಿನ ಸಂಭವ ಶೇ 5ರಷ್ಟು ಕಡಿಮೆ. ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳ ನಾಲ್ಕು ಲಕ್ಷಕ್ಕೂ ಹೆಚ್ಚು ರೋಗಿಗಳ ಬಗ್ಗೆ 2014ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಈ ಇಳಿಕೆ ಶೇ 7. ಪೆನ್ಸಿಲ್ವೇನಿಯಾದ ಲೆಕ್ಕವನ್ನು ಪಿರಿಯಾಪಟ್ಟಣಕ್ಕೆ ಹಾಗೆಯೇ ತರಲಾಗದು ಎಂಬುದು ನನಗೆ ಗೊತ್ತು. ಅಲ್ಲದೆ ಪದವೀಧರರು ಹೆಚ್ಚಿರುವ ಆಸ್ಪತ್ರೆ ಇತರ ರೀತಿಯಲ್ಲೂ ಉತ್ತಮವಾಗಿರಬಹುದು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಎರಡನೆಯ ಅಧ್ಯಯನದ ಇನ್ನೊಂದು ಅಂಕಿ. ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಸಾವಿನ ಸಂಭವ ಶೇ 7ರಷ್ಟು ಏರುತ್ತದೆ. ಎಂದರೆ, ಒಬ್ಬರನ್ನು ಓದಲು ಕಳುಹಿಸಿ ಅವರ ರೋಗಿಗಳನ್ನು ಉಳಿದವರ ತಲೆಗೆ ಕಟ್ಟಿದರೆ, ಬಂದ ಲಾಭ ಅಲ್ಲೇ ಕಳೆದುಹೋಗುತ್ತದೆ. ನನ್ನ 2007ರ ಷರಾ ಪೂರ್ತಿ ತಪ್ಪಾಗಿರಲಿಲ್ಲ ಎಂದು ಇಲ್ಲಿ ಸಮಾಧಾನ ಪಟ್ಟುಕೊಳ್ಳಬಹುದು. ಆದರೆ ಬದಲಿ ಏಕೆ ಇರಲಿಲ್ಲ ಎಂದು ಕೇಳುವುದು ನನ್ನ ಕೆಲಸವಾಗಿತ್ತು. ಅದನ್ನು ನಾನು ಮಾಡಲಿಲ್ಲ.

ಶುಶ್ರೂಷಾ ಪರಿಷತ್ತಿನ ಮಾನದಂಡದಲ್ಲಿ ಸಾಮಾನ್ಯ ಆಸ್ಪತ್ರೆಗೆ ಐದು ರೋಗಿಗಳಿಗೊಬ್ಬ ದಾದಿ, ಪಾಳಿಯ ಲೆಕ್ಕದಲ್ಲಿ 15 ರೋಗಿಗಳಿಗೊಬ್ಬರು. ಅದರ ಮೇಲೆ ಶೇ 30ರಷ್ಟು ರಜಾ ಮೀಸಲು. ಹತ್ತು ಮಂದಿ ಬೇಕಾದಲ್ಲಿ ಹದಿಮೂರು ಹುದ್ದೆ ಇರಬೇಕು ಎಂಬುದು ಇದರ ಅರ್ಥ. ಹೆರಿಗೆ ರಜೆ, ಕಾಯಿಲೆ, ತರಬೇತಿ, ವ್ಯಾಸಂಗ, ಇವೆಲ್ಲ ಮನುಷ್ಯರ ಬಾಳಿನಲ್ಲಿ ಬರುವಂಥವೇ ಎಂದು ಮೊದಲೇ ಲೆಕ್ಕ ಹಾಕಿ ಮಾಡಿದ ಮಾನದಂಡ ಅದು. ಹುದ್ದೆ ಮಂಜೂರು ಮಾಡುವಾಗ ಹಣಕಾಸಿನವರು ಮೊದಲು ಕತ್ತರಿ ಹಾಕುವುದು ಈ ಮೀಸಲಿಗೆ. ಮಂಜೂರಾದದ್ದರಲ್ಲೂ ಒಂದಷ್ಟು ಖಾಲಿ ಉಳಿಯುತ್ತವೆ. ಹೀಗೆ ಇಲಾಖೆಯೇ ಬದಲಿಯನ್ನು ಇಲ್ಲವಾಗಿಸಿ, ಆಮೇಲೆ ಬದಲಿ ಇಲ್ಲವೆಂದು ಅರ್ಜಿದಾರರಿಗೆ ಹಿಂಬರಹ ಕೊಡುತ್ತದೆ.

ಅರ್ಥಶಾಸ್ತ್ರ ಓದಿದ ನನಗೆ ಇದು ಆಗಲೇ ಹೊಳೆಯಬೇಕಿತ್ತು. ಎಲ್ಲ ಕಡೆಯೂ ಬಳಕೆಗೆ ಬರುವ ಸಾಮಾನ್ಯ ವಿದ್ಯೆಗೆ ಕೆಲಸ ಕೊಟ್ಟವರು ಹಣ ಹಾಕುವುದಿಲ್ಲ, ಏಕೆಂದರೆ ಕಲಿತವರು ಬಿಟ್ಟುಹೋಗಬಹುದು ಎಂದು ಗ್ಯಾರಿ ಬೆಕರ್ 1964ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದರು. ಖರ್ಚನ್ನು ಕಲಿಯುವವರೇ ಹೊರುತ್ತಾರೆ, ಮುಂದೆ ಹೆಚ್ಚು ಸಂಬಳದಲ್ಲಿ ಅದನ್ನು ಹಿಂಪಡೆಯುತ್ತಾರೆ ಎಂಬುದು ಅವರ ವಾದ. ನಮ್ಮ ತಾಲ್ಲೂಕು ಆಸ್ಪತ್ರೆಯ ದಾದಿಯ ಪ್ರಕರಣದಲ್ಲಿ ಈ ವಾದದ ಎರಡನೆಯ ಅರ್ಧವೇ ಇಲ್ಲ. ಖರ್ಚು ಅವರದು, ಹೆಚ್ಚುವರಿ ಸಂಬಳ ಶೂನ್ಯ. ಲಾಭವೆಲ್ಲ ಹೊಗೆಸೊಪ್ಪು ಮುರಿಯುವ ಹೆಂಗಸಿಗೆ, ಹಾಡಿಯ ಮಗುವಿಗೆ, ಕೃಷ್ಣರಾಜನಗರದ ಹೆರಿಗೆ ವಾರ್ಡಿನ ಬಾಣಂತಿಗೆ. ಲಾಭ ಸಾರ್ವಜನಿಕರದ್ದಾದರೆ ಖರ್ಚೂ ಸಾರ್ವಜನಿಕ ಬೊಕ್ಕಸದ್ದಾಗಬೇಕು. ಅದಾಗದಿದ್ದರೆ ಹಟವಾದಿಗಳು ಮಾತ್ರ ಓದುತ್ತಾರೆ, ಉಳಿದವರು ಸುಮ್ಮನಾಗುತ್ತಾರೆ.

ಗುತ್ತಿಗೆಯವರ ಸ್ಥಿತಿ ಇನ್ನೂ ವಿಚಿತ್ರ. ಕಾಯಂ ನೌಕರರಿಗೆ ನಿಯೋಜನೆ, ವ್ಯಾಸಂಗ ರಜೆ ಎಂಬ ಪದಗಳಾದರೂ ನಿಯಮಾವಳಿಯಲ್ಲಿವೆ. ಆರೋಗ್ಯ ಅಭಿಯಾನದ ಗುತ್ತಿಗೆಯಲ್ಲಿರುವವರು ಓದಲು ಹೋದರೆ ಗುತ್ತಿಗೆ ಅಲ್ಲಿಗೆ ಮುಗಿಯಿತು. ಆದರೆ ಪದವಿಯ ಅಗತ್ಯ ಇವರಿಗೇ ಹೆಚ್ಚು. ಆಯುಷ್ಮಾನ್ ಭಾರತ ಯೋಜನೆಯಡಿ 2018ರಿಂದ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳನ್ನು ನೇಮಿಸುವ ಕ್ರಮ ಬಂದಾಗ ನಮ್ಮ ರಾಜ್ಯದ ಅಧಿಸೂಚನೆಗಳಲ್ಲಿ ಬಿ.ಎಸ್ಸಿ. ಅಥವಾ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಕೇಳಲಾಯಿತು. ಹತ್ತು ವರ್ಷ ಅದೇ ತಾಲ್ಲೂಕಿನಲ್ಲಿ ಹೆರಿಗೆ ಮಾಡಿಸಿದ ಡಿಪ್ಲೊಮಾದವರು ಹೊರಗೆ ನಿಂತರು, ಹೊಸ ಪದವೀಧರರು ಒಳಗೆ ಬಂದರು. ಅವರ ಮೇಲೆ ನನ್ನ ತಕರಾರಿಲ್ಲ. ಹಳಬರಿಗೆ ಏಣಿ ಇಟ್ಟಿರಲಿಲ್ಲ ಎಂಬುದಷ್ಟೇ ತಕರಾರು.

ಏಣಿ ಇಲ್ಲದ ಕಡೆ ಏಣಿ ಮಾರುವವರು ಹುಟ್ಟಿಕೊಳ್ಳುತ್ತಾರೆ. ‘ತರಗತಿಗೆ ಬರಬೇಕಾಗಿಲ್ಲ, ಪರೀಕ್ಷೆಗೆ ಬಂದರೆ ಸಾಕು’ ಎಂದು ಪ್ರವೇಶ ಕೊಡಿಸುವ ಮಧ್ಯವರ್ತಿಗಳ ಮಾತು ಆಸ್ಪತ್ರೆಯ ಕಾರಿಡಾರುಗಳಲ್ಲಿ ಕೇಳದವರಿಲ್ಲ. ಕಾಗದದ ಮೇಲೆ ಹಾಜರಾತಿ, ಕಾಗದದ ಮೇಲೆ ಪ್ರಾಯೋಗಿಕ ತರಬೇತಿ. ಇಂಥ ಪದವಿಯಿಂದ ಯಾವ ಹೆಂಗಸಿಗೂ ‘ಏನು ಕೆಲಸ ಮಾಡಿದಿರಿ?’ ಎಂಬ ಪ್ರಶ್ನೆ ಎದುರಾಗುವುದಿಲ್ಲ. ಇದು ಇಷ್ಟಕ್ಕೇ ನಿಲ್ಲುವುದೂ ಇಲ್ಲ. ನಾಲ್ಕು ವರ್ಷ ಕಷ್ಟಪಟ್ಟವರ ಪದವಿಯ ಬೆಲೆಯನ್ನೂ ಇದು ಇಳಿಸುತ್ತದೆ, ಏಕೆಂದರೆ ಎರಡರ ಮೇಲೂ ಮೊಹರು ಒಂದೇ. ಮಧ್ಯವರ್ತಿಯನ್ನು ಬೈದರೆ ಸಾಲದು. ದುಡಿಯುವ ಹೆಣ್ಣುಮಗಳು ಪ್ರಾಮಾಣಿಕವಾಗಿ ಓದುವ ದಾರಿಯನ್ನು ಅವನ ದಾರಿಗಿಂತ ಸುಲಭವಾಗಿಸಬೇಕು.

ಹೇಗೆ? ಮೊದಲನೆಯದು ಮೀಸಲು ಹುದ್ದೆ. ಈ ನಾಲ್ಕು ತಾಲ್ಲೂಕು ಆಸ್ಪತ್ರೆಗಳಿಗೆ ಸೇರಿ ವ್ಯಾಸಂಗಕ್ಕೆಂದೇ ಎಂಟು ಮೀಸಲು ಹುದ್ದೆ ಕೊಡಿ. ವರ್ಷಕ್ಕೆ ಆಸ್ಪತ್ರೆಗೊಬ್ಬರಂತೆ ನಾಲ್ವರು ಎರಡು ವರ್ಷದ ಓದಿಗೆ ಹೋಗಬಹುದು, ಯಾವ ಹೊತ್ತಿನಲ್ಲೂ ಹೊರಗಿರುವವರು ಎಂಟೇ ಜನ. ಹತ್ತು ವರ್ಷದಲ್ಲಿ ಪ್ರತಿ ಆಸ್ಪತ್ರೆಯಿಂದ ಹತ್ತು ಮಂದಿ ಓದಲು ಹೋಗಿರುತ್ತಾರೆ. ಎಂಟು ಸಂಬಳದ ಖರ್ಚು ಜಿಲ್ಲೆಯ ಆರೋಗ್ಯ ಬಾಬ್ತಿನಲ್ಲಿ ಕಣ್ಣಿಗೆ ಕಾಣುವಂಥದ್ದಲ್ಲ. ಆ ಲೆಕ್ಕಶೀರ್ಷಿಕೆಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಎರಡನೆಯದು ಊರಿನ ದೂರ. ಮೈಸೂರಿನಿಂದ ಕೃಷ್ಣರಾಜನಗರ, ಹುಣಸೂರು, ಕೋಟೆಗಳು ನಲವತ್ತರಿಂದ ಐವತ್ತು ಕಿಲೋಮೀಟರ್ ಆಸುಪಾಸಿನಲ್ಲಿವೆ, ಪಿರಿಯಾಪಟ್ಟಣ ಸುಮಾರು ಎಪ್ಪತ್ತು. 1924ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು, ಅದರ ಕೆ.ಆರ್. ಮತ್ತು ಚೆಲುವಾಂಬ ಆಸ್ಪತ್ರೆಗಳು ಮೈಸೂರಿನಲ್ಲಿವೆ. ವಾರದಲ್ಲಿ ಎರಡು ದಿನ ಅಲ್ಲಿ ಪಾಠ, ಪ್ರಾಯೋಗಿಕ ತರಬೇತಿಯ ಒಂದು ಪಾಲು ಸ್ವಂತ ತಾಲ್ಲೂಕಿನ ಆಸ್ಪತ್ರೆ ಮತ್ತು ಉಪಕೇಂದ್ರಗಳಲ್ಲಿ ಎಂದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮೂರು ವರ್ಷದ ಸೇವಾನಿರತ ಕ್ರಮವೊಂದನ್ನು ರೂಪಿಸಬಾರದೇಕೆ? ಇಲ್ಲಿ ಒಂದು ಎಚ್ಚರ ಬೇಕು. ಎಂದಿನ ಡ್ಯೂಟಿಯನ್ನೇ ತರಬೇತಿ ಎಂದು ಬರೆದುಕೊಂಡರೆ ಮಧ್ಯವರ್ತಿಯ ಕಾಲೇಜಿಗೂ ಇದಕ್ಕೂ ಭೇದವಿರುವುದಿಲ್ಲ. ತರಬೇತಿಯ ದಿನ ಪಾಳಿಪಟ್ಟಿಯಲ್ಲಿ ಅವರ ಹೆಸರಿರಬಾರದು, ಬೋಧಕರೊಬ್ಬರು ಪಕ್ಕದಲ್ಲಿರಬೇಕು. ಆ ಬೋಧಕರು ಕನ್ನಡದಲ್ಲಿ ವಿವರಿಸಬಲ್ಲವರಾದರೆ ಜೀವರಸಾಯನಶಾಸ್ತ್ರದಲ್ಲಿ ನಪಾಸಾಗುವವರು ಕಡಿಮೆಯಾದಾರು. ಗುತ್ತಿಗೆಯವರಿಗೂ ಇದರಲ್ಲಿ ಪಾಲಿರಬೇಕು, ಓದುವ ಅವಧಿಯಲ್ಲಿ ಗುತ್ತಿಗೆ ಮುರಿಯಬಾರದು.

ಓದಿದವರು ಬೆಂಗಳೂರಿಗೋ ಕೊಲ್ಲಿಗೋ ಹಾರಿಬಿಡುತ್ತಾರಲ್ಲ ಎಂಬ ಆಕ್ಷೇಪವನ್ನು ನಾನೇ ಹಿಂದೆ ಅನೇಕ ಸಭೆಗಳಲ್ಲಿ ಎತ್ತಿದ್ದೇನೆ. ಹಾರುವವರು ಡಿಪ್ಲೊಮಾದಿಂದಲೂ ಹಾರುತ್ತಾರೆ. ಮನೆ, ಮಕ್ಕಳು, ಹೊಲ ಇಲ್ಲೇ ಇರುವ ನಲವತ್ತರ ಹೆಣ್ಣುಮಗಳು ಹಾರುವುದು ಅಪರೂಪ. ಐದು ವರ್ಷದ ಮುಚ್ಚಳಿಕೆ ಬರೆಸಿಕೊಳ್ಳಿ, ವೈದ್ಯರಿಂದ ಬರೆಸಿಕೊಳ್ಳುವುದಿಲ್ಲವೇ. ನ್ಯೂಯಾರ್ಕ್ ರಾಜ್ಯ 2017ರಲ್ಲಿ ಕಾನೂನು ತಂದು, ಹೊಸದಾಗಿ ನೋಂದಾಯಿಸಿಕೊಳ್ಳುವ ದಾದಿಯರು ಹತ್ತು ವರ್ಷದೊಳಗೆ ಪದವಿ ಪಡೆಯಬೇಕೆಂದು ವಿಧಿಸಿತು. ಅಲ್ಲಿ ಅನೇಕ ಆಸ್ಪತ್ರೆಗಳು ಶುಲ್ಕದ ಪಾಲನ್ನು ತಾವೇ ಕೊಡುತ್ತವೆ. ಆ ಎರಡನೆಯ ಭಾಗವನ್ನು ಬಿಟ್ಟು ಕಾನೂನನ್ನಷ್ಟೇ ನಾವು ನಕಲು ಮಾಡಿದರೆ ಮಧ್ಯವರ್ತಿಗಳಿಗೆ ಹಬ್ಬವಾಗುತ್ತದೆ.

ಮೈಸೂರು ಹತ್ತಿರವಾದಾಗ ಆ ಸಹೋದರಿ ಇನ್ನೊಂದು ಸಂಗತಿ ಹೇಳಿದರು. ಅವರ ವಾರ್ಡಿನ ಕಿರಿಯ ದಾದಿಯೊಬ್ಬರು, ಒಂಬತ್ತು ವರ್ಷದ ಸೇವೆಯವರು, ಈ ವರ್ಷ ವ್ಯಾಸಂಗಕ್ಕೆ ಅರ್ಜಿ ಹಾಕಿದ್ದಾರಂತೆ. ಅರ್ಜಿಯ ಒಕ್ಕಣೆ ಬರೆದುಕೊಟ್ಟವರು ಇವರೇ. ‘ನೀವು ಅವತ್ತು ಬರೆದಿದ್ದ ಕಾರಣಕ್ಕೆ ಇದರಲ್ಲಿ ಮೊದಲೇ ಉತ್ತರ ಸೇರಿಸಿದ್ದೀನಿ ಸಾರ್’ ಎಂದರು. ರಜಾ ಮೀಸಲಿನ ಮಾನದಂಡವನ್ನು ಉಲ್ಲೇಖಿಸಿ, ತಮ್ಮ ಆಸ್ಪತ್ರೆಗೆ ಅದರಂತೆ ಎಷ್ಟು ಹುದ್ದೆ ಮಂಜೂರಾಗಿವೆ, ಎಷ್ಟು ಭರ್ತಿಯಾಗಿವೆ ಎಂದು ಕೇಳಿದ್ದಾರಂತೆ. ಆ ಕಡತ ಈಗ ಯಾರ ಮೇಜಿನ ಮೇಲಿದೆಯೋ ತಿಳಿಯದು. ಅದನ್ನು ಮಂಡಿಸುವ ಗುಮಾಸ್ತರು ಹಳೆಯ ಷರಾದ ಪ್ರತಿಯೊಂದನ್ನು ಮಾದರಿಗೆಂದು ಜತೆಗಿಟ್ಟಿರುತ್ತಾರೆ. ಅದರ ಕೆಳಗೆ ನನ್ನ ಸಹಿ ಇರುತ್ತದೆ.